ವಾರಕ್ಕೆ ಇಪ್ಪತ್ತು ಪುಟ: ಜಪಾನಿನ ಧಾರಾವಾಹಿ ಚಿತ್ರಕಥೆಗಳ ನಿಧಾನದ ಬಗ್ಗೆ

1970ರ ಮಾರ್ಚ್ 24. ಟೋಕಿಯೋ ನಗರದ ಕೋದಾನ್ಶಾ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯ ಸಭಾಂಗಣದಲ್ಲಿ ಅಂದು ಒಂದು ಉತ್ತರಕ್ರಿಯೆ ನಡೆಯಿತು. ಸುಮಾರು 700 ಮಂದಿ ಸೇರಿದ್ದರು. ಸಭಾಂಗಣದಲ್ಲಿ ಬಾಕ್ಸಿಂಗ್ ಕಣ ಕಟ್ಟಿದ್ದರು. ಸತ್ತವನ ಭಾವಚಿತ್ರ, ಬೌದ್ಧ ಪುರೋಹಿತರ ಮಂತ್ರ, ಕಡೆಯ ಗಂಟೆ... ಯಾವುದಕ್ಕೂ ಕೊರತೆ ಇರಲಿಲ್ಲ. ಮುಂದೆ ನಿಂತು ಇದನ್ನೆಲ್ಲ ನಡೆಸಿದವರು ತೆರಾಯಾಮಾ ಶೂಜಿ ಎಂಬ ಹೆಸರಾಂತ ಕವಿ ಮತ್ತು ನಾಟಕಕಾರ.

ಸತ್ತವನ ಹೆಸರು ರಿಕಿಇಶಿ ತೋರು. ಬಾಕ್ಸಿಂಗ್ ಪಟು. ಆದರೆ ಅಂಥ ಮನುಷ್ಯ ಜಪಾನಿನಲ್ಲಿ ಹುಟ್ಟಿಯೇ ಇರಲಿಲ್ಲ! ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ 'ಅಶಿತಾ ನೊ ಜೋ' (ನಾಳೆಯ ಜೋ) ಎಂಬ ಚಿತ್ರಕಥೆಯ ಒಂದು ಪಾತ್ರ ಅವನು. ನಾಯಕನೂ ಅಲ್ಲ, ನಾಯಕನ ಎದುರಾಳಿ. ಕಾಗದದ ಮೇಲೆ ಶಾಯಿಯಲ್ಲಿ ಬರೆದ ಒಬ್ಬ ಹುಡುಗನಿಗಾಗಿ 700 ಮಂದಿ ಉತ್ತರಕ್ರಿಯೆಗೆ ಬರುತ್ತಾರೆ ಎಂದರೆ ಏನರ್ಥ? ಪ್ರಕಾಶಕರ ಪ್ರಚಾರ ಎಂದು ತಳ್ಳಿಹಾಕಬಹುದು. ಪ್ರಚಾರವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಕರೆದ ಕೂಡಲೇ ಜನ ಬಂದರಲ್ಲ, ಅದನ್ನು ಯಾವ ಪ್ರಚಾರವೂ ಹುಟ್ಟಿಸಲಾರದು.

ಸ್ನೇಹಿತರೇ, ಈ ಪ್ರಶ್ನೆ ನಮಗೆ ಹತ್ತಿಕೊಂಡದ್ದು ನಮ್ಮ ಇಬ್ಬರು ಹುಡುಗರಿಂದ. ಇಬ್ಬರೂ ಒಂದೇ ತರಗತಿ, ಒಂದೇ ಬೆಂಚು. ಇಬ್ಬರೂ 'ವನ್ ಪೀಸ್' ಎಂಬ ಜಪಾನಿ ಚಿತ್ರಕಥೆಯ ಮೊದಲ ಐನೂರು ಅಧ್ಯಾಯಗಳನ್ನು ಫೋನಿನಲ್ಲಿ ಓದಿದರು. ಒಬ್ಬನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಬೇಸಗೆ ರಜೆಯಲ್ಲಿ ಹದಿನೈದೇ ದಿನದಲ್ಲಿ ಮುಗಿಸಿದ. "ಮಾಷ್ಟ್ರೇ, ಅದು ಬರೀ ಎಳೆಯುವುದು" ಎಂದ. ಇನ್ನೊಬ್ಬನಿಗೆ ಇಂಗ್ಲಿಷ್ ಕಷ್ಟ. ನಿಘಂಟು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಎರಡೋ ಮೂರೋ ಅಧ್ಯಾಯ, ಒಂದು ಇಡೀ ಶಾಲಾ ವರ್ಷ ತೆಗೆದುಕೊಂಡ. ಅದರಲ್ಲಿ ಬರುವ ಒಂದು ತಿಮಿಂಗಿಲದ ಕಥೆಯನ್ನು ನಮಗೆ ಹೇಳಲು ಹೊರಟು ಅರ್ಧದಲ್ಲೇ ಅವನ ಗಂಟಲು ಕಟ್ಟಿತು. ಓದಿದ್ದು ಒಂದೇ ಕಥೆ, ಒಂದೇ ಪುಟಗಳು. ಹಾಗಾದರೆ ಕಥೆ ನಿಧಾನವೋ, ಓದು ಅವಸರವೋ? ಇದನ್ನು ಅಳೆಯುವುದು ಹೇಗೆ?

(ಮುಂದೆ ಹಲವು ಕಥೆಗಳ ಕೊನೆಯನ್ನು ಹೇಳಿಬಿಡುತ್ತೇವೆ. ಓದಬೇಕೆಂದಿರುವವರು ಕ್ಷಮಿಸಬೇಕು.)

ಜಪಾನಿನಲ್ಲಿ ಚಿತ್ರಕಥೆಯನ್ನು 'ಮಂಗಾ' ಎನ್ನುತ್ತಾರೆ. ಈ ಹೆಸರು ಹೇಳಿದಾಗಲೆಲ್ಲ ತರಗತಿಯಲ್ಲಿ ನಗು ಏಳುತ್ತದೆ. ಇರಲಿ, ನಮ್ಮ ಮಂಗನಿಗೂ ಇದಕ್ಕೂ ಸಂಬಂಧವಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಮಕ್ಕಳ ಮಂಗಾ ಹೆಚ್ಚಾಗಿ ಮಾಸಪತ್ರಿಕೆಗಳಲ್ಲಿ ಬರುತ್ತಿತ್ತು. ತೆಜುಕಾ ಒಸಾಮು 'ಜಂಗಲ್ ತಾಯಿತೇಯಿ' ಎಂಬ ಸಿಂಹದ ಕಥೆಯನ್ನು 1950ರಿಂದ 1954ರ ವರೆಗೆ ಬರೆದದ್ದು ಅಂಥ ಒಂದು ಮಾಸಪತ್ರಿಕೆಯಲ್ಲೇ. ತಿಂಗಳಿಗೊಮ್ಮೆ ಬರುವ ಕಥೆಯ ನಡಿಗೆಯೇ ಬೇರೆ. ಹೋದ ತಿಂಗಳು ಏನಾಯಿತು ಎಂಬುದನ್ನು ಮಗು ಅರ್ಧ ಮರೆತಿರುತ್ತದೆ, ಆದ್ದರಿಂದ ಪ್ರತಿ ಕಂತಿನಲ್ಲೂ ಸಾಕಷ್ಟು ಘಟನೆ ತುಂಬಬೇಕು.

1959ರ ಮಾರ್ಚ್ 17ರಂದು ಲೆಕ್ಕ ಬದಲಾಯಿತು. ಕೋದಾನ್ಶಾದ 'ಶೋನೆನ್ ಮ್ಯಾಗಜೀನ್', ಶೋಗಾಕುಕಾನ್ ಸಂಸ್ಥೆಯ 'ಶೋನೆನ್ ಸಂಡೇ' ಎಂಬ ಎರಡು ಹುಡುಗರ ವಾರಪತ್ರಿಕೆಗಳು ಒಂದೇ ದಿನ ಅಂಗಡಿಗೆ ಬಂದವು. ಒಂದನ್ನು ನೋಡಿ ಇನ್ನೊಂದು ತರಾತುರಿಯಲ್ಲಿ ಹೊರಟದ್ದು. ಈಗ ಮಗು ತಿಂಗಳು ಕಾಯಬೇಕಿಲ್ಲ, ಏಳು ದಿನ ಸಾಕು. ಏಳು ದಿನ ಎಂದರೆ ಸರಿಯಾದ ಅಳತೆ: ಮರೆಯಲು ಆಗದಷ್ಟು ಕಡಿಮೆ, ಶಾಲೆಯ ದಾರಿಯಲ್ಲಿ ಗೆಳೆಯರೊಡನೆ 'ಮುಂದೇನಾಗಬಹುದು' ಎಂದು ವಾದಿಸಲು ಬೇಕಾದಷ್ಟು ಹೆಚ್ಚು. ಮಂಗಳೂರಿನಿಂದ ಬಸ್ಸಿನಲ್ಲಿ ಬರುವ ಕನ್ನಡ ವಾರಪತ್ರಿಕೆಯ ಕಟ್ಟು ಬಿಚ್ಚುವ ತನಕ ಅಂಗಡಿಯ ಜಗಲಿಯಲ್ಲಿ ಕಾದವರಿಗೆ ಈ ಏಳು ದಿನದ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಲಮಂಗಳದ ಡಿಂಗನಿಗಾಗಿ ಕಾದವರಿಗೂ ಅಷ್ಟೇ.

ಈ ಏಳು ದಿನಗಳನ್ನು ಮೊತ್ತಮೊದಲು ಪೂರ್ತಿಯಾಗಿ ದುಡಿಸಿಕೊಂಡ ಕೃತಿಗಳಲ್ಲಿ 'ಅಶಿತಾ ನೊ ಜೋ' ಒಂದು ಎಂಬುದು ನಮ್ಮ ಅಭಿಪ್ರಾಯ. 1968ರ ಜನವರಿಯಿಂದ 1973ರ ಮೇ ತನಕ ಅದು 'ಶೋನೆನ್ ಮ್ಯಾಗಜೀನ್'ನಲ್ಲಿ ಬಂತು. ಕಥೆ ಕಾಜಿವಾರಾ ಇಕ್ಕಿ ಅವರದು (ಇದಕ್ಕೆ ತಾಕಾಮೊರಿ ಅಸಾಓ ಎಂಬ ಹೆಸರಿಟ್ಟುಕೊಂಡಿದ್ದರು), ಚಿತ್ರ ಚಿಬಾ ತೆತ್ಸುಯಾ ಅವರದು. ಟೋಕಿಯೋದ ಕೊಳೆಗೇರಿಗೆ ಬಂದು ಬೀಳುವ ಜೋ ಎಂಬ ಅನಾಥ ಪುಂಡ ಬಾಲಾಪರಾಧಿಗಳ ಸೆರೆಮನೆ ಸೇರುತ್ತಾನೆ. ಅಲ್ಲಿ ರಿಕಿಇಶಿ ಎದುರಾಗುತ್ತಾನೆ. ಇಬ್ಬರಿಗೂ ಒಬ್ಬರನ್ನೊಬ್ಬರು ಸೋಲಿಸದೆ ನಿದ್ದೆ ಬಾರದಂಥ ಹಟ ಹುಟ್ಟುತ್ತದೆ.

ಇಲ್ಲೊಂದು ಸ್ವಾರಸ್ಯ. ರಿಕಿಇಶಿ ಮುಂದೆ ಜೋನ ಮುಖ್ಯ ಎದುರಾಳಿಯಾಗುತ್ತಾನೆ ಎಂದು ಗೊತ್ತಿಲ್ಲದೆ ಚಿಬಾ ಅವನನ್ನು ಮೊದಲಿಗೆ ಜೋಗಿಂತ ಬಹಳ ಎತ್ತರ, ಬಹಳ ದಪ್ಪ ಬರೆದುಬಿಟ್ಟಿದ್ದರು. ವಾರಪತ್ರಿಕೆ ಅಚ್ಚಾಗಿ ಮಾರಾಟವಾಗಿಬಿಟ್ಟಿದೆ, ತಿದ್ದುವಂತಿಲ್ಲ. ಆದರೆ ಬಾಕ್ಸಿಂಗಿನಲ್ಲಿ ತೂಕದ ವರ್ಗ ಒಂದೇ ಇರದೆ ಇಬ್ಬರು ಅಧಿಕೃತವಾಗಿ ಸೆಣಸುವಂತಿಲ್ಲ. ಏನು ಮಾಡುವುದು? ದೊಡ್ಡ ದೇಹದ ರಿಕಿಇಶಿ ಜೋನ ವರ್ಗಕ್ಕೆ ಇಳಿಯಲು ತೂಕ ಕಳೆದುಕೊಳ್ಳುತ್ತಾನೆ ಎಂದು ಕಥೆ ತಿರುಗಿತು. ಕಾದಂಬರಿಕಾರನಾಗಿದ್ದರೆ ಹಸ್ತಪ್ರತಿಯಲ್ಲಿ ಒಂದು ಸಾಲು ಹೊಡೆದುಹಾಕಿ ಮುಂದೆ ಹೋಗುತ್ತಿದ್ದ. ಧಾರಾವಾಹಿಗೆ ಆ ಸೌಕರ್ಯವಿಲ್ಲ. ತಪ್ಪಿದ್ದನ್ನು ಕಥೆಯೊಳಗೇ ತೀರಿಸಬೇಕು.

ಆ ತೀರಿಸುವಿಕೆ ಎಂಥದಾಯಿತು! ವಾರಗಟ್ಟಲೆ ಓದುಗ ಕಂಡದ್ದು ಹೊಡೆದಾಟವನ್ನಲ್ಲ, ಹಸಿವನ್ನು. ರಿಕಿಇಶಿಯ ಕೆನ್ನೆ ಒಳಸೇರುತ್ತದೆ, ಪಕ್ಕೆಲುಬು ಎದ್ದು ಕಾಣುತ್ತದೆ. ನೀರಿಗಾಗಿ ಹುಚ್ಚು ಹಿಡಿದವನಂತೆ ನಲ್ಲಿಗೆ ಓಡುತ್ತಾನೆ. ನಲ್ಲಿಗಳನ್ನು ತಂತಿಯಿಂದ ಬಿಗಿದಿರುತ್ತಾರೆ. ಕೊನೆಗೆ ಶಿರಾಕಿ ಯೋಕೋ ಎಂಬ ಹುಡುಗಿ ಮರುಕದಿಂದ ಒಂದು ಲೋಟ ಬಿಸಿನೀರು ತಂದುಕೊಡುತ್ತಾಳೆ. ಅವನು ಕೃತಜ್ಞತೆ ಹೇಳಿ ಅದನ್ನು ನೆಲಕ್ಕೆ ಸುರಿಯುತ್ತಾನೆ. ಇಷ್ಟೇ ಘಟನೆ. ಒಟ್ಟಿಗೆ ಓದಿದರೆ ಅರ್ಧ ಗಂಟೆಯ ಓದು. 'ಇಲ್ಲಿ ಏನೂ ನಡೆಯುತ್ತಿಲ್ಲವಲ್ಲ' ಎನ್ನಿಸಿದರೂ ಆಶ್ಚರ್ಯವಿಲ್ಲ. ಆದರೆ ವಾರವಾರ ಓದಿದವನು ತಾನು ದಿನಕ್ಕೆ ಮೂರು ಹೊತ್ತು ಉಣ್ಣುತ್ತ, ಈ ಹುಡುಗ ಇನ್ನೂ ಹಸಿದೇ ಇದ್ದಾನೆ ಎಂಬುದನ್ನು ಏಳು ದಿನ ಹೊತ್ತು ತಿರುಗುತ್ತಿದ್ದ. ಪಂದ್ಯದಲ್ಲಿ ರಿಕಿಇಶಿ ಗೆದ್ದ. ಗೆದ್ದು, ಜೋನ ಕೈಕುಲುಕಲು ಬಂದು, ಕುಸಿದು, ಸತ್ತ. ಹಸಿವು ಎಷ್ಟು ನಿಧಾನವೋ ಸಾವು ಅಷ್ಟು ಬೇಗ. ಆ ಅಳತೆಯಲ್ಲೇ ಎಲ್ಲ ಇದೆ ಎಂದು ನಮಗೆ ಅನ್ನಿಸುತ್ತದೆ. 700 ಮಂದಿ ಬಂದದ್ದು ಆ ಸಾವಿನ ಒಂದು ಪುಟ ನೋಡಿ ಅಲ್ಲ. ತಾವೂ ಪಾಲುಗಾರರಾಗಿದ್ದ ಹಸಿವಿನ ಲೆಕ್ಕ ಮುಗಿಸಲು.

ಮುಂದಿನದನ್ನೂ ನೋಡಬೇಕು. ಇಂಥ ಸಾವಿನ ಮರುವಾರವೇ ಹೊಸ ಎದುರಾಳಿಯನ್ನು ತಂದು ನಿಲ್ಲಿಸುವುದು ವಾರಪತ್ರಿಕೆಯ ಸಹಜ ಆಸೆ. ಇವರು ಹಾಗೆ ಮಾಡಲಿಲ್ಲ. ಚಿಬಾ ಅವರ ಆರೋಗ್ಯವೂ ಕೆಟ್ಟು ಧಾರಾವಾಹಿ ಕೆಲಕಾಲ ನಿಂತಿತು. ಮತ್ತೆ ಶುರುವಾದಾಗ ಜೋಗೆ ಎದುರಾಳಿಯ ಮುಖಕ್ಕೆ ಹೊಡೆಯಲು ಕೈ ಏಳುವುದಿಲ್ಲ. ರಿಕಿಇಶಿಯನ್ನು ಕೊಂದ ಕೈ ಅದು. ಸೋಲುತ್ತಾನೆ, ಊರೂರು ಅಲೆಯುತ್ತಾನೆ. ಒಂದು ಸಾವಿನ ಭಾರ ಮೂರು ವರ್ಷ, ಕೊನೆಯ ಪುಟದವರೆಗೂ ಕಥೆಯ ಹೆಗಲ ಮೇಲೆ ಇತ್ತು. 1973ರಲ್ಲಿ ವಿಶ್ವ ಚಾಂಪಿಯನ್ ಹೋಸೆ ಮೆಂದೋಜಾನೊಡನೆ ಹದಿನೈದು ಸುತ್ತು ಕಾದಾಡಿ, ಮೂಲೆಯ ಸ್ಟೂಲಿನ ಮೇಲೆ ತಲೆ ಬಗ್ಗಿಸಿ, ಮುಗುಳ್ನಗುತ್ತ ಕುಳಿತ ಜೋನ ಚಿತ್ರದೊಂದಿಗೆ ಕಥೆ ಮುಗಿಯಿತು. ಬದುಕಿದ್ದಾನೋ ಸತ್ತನೋ ಎಂದು ಜಪಾನಿನಲ್ಲಿ ಆಮೇಲೂ ಬಹಳ ಕಾಲ ವಾದ ನಡೆಯಿತು.

ಅಂದ ಹಾಗೆ ಈ ಕಥೆಯ ಬಿಸಿ ಎಲ್ಲೆಲ್ಲಿಗೆ ಹೋಗಿತ್ತು ಎಂದರೆ, ಉತ್ತರಕ್ರಿಯೆ ನಡೆದ ಒಂದು ವಾರಕ್ಕೆ, 1970ರ ಮಾರ್ಚ್ 31ರಂದು, ಜಪಾನಿನ ವಿಮಾನವೊಂದನ್ನು ಅಪಹರಿಸಿ ಉತ್ತರ ಕೊರಿಯಾಕ್ಕೆ ಹೋದ ತೀವ್ರ ಎಡಪಂಥೀಯ ಯುವಕರು ತಮ್ಮನ್ನು ಜೋಗೆ ಹೋಲಿಸಿಕೊಂಡು ಹೇಳಿಕೆ ಕೊಟ್ಟಿದ್ದರು. ಇದು ಹೆಮ್ಮೆಯ ಸಂಗತಿಯಲ್ಲ. ಕಥೆ ಒಳ್ಳೆಯದಾದರೆ ಓದುವವರೆಲ್ಲ ಒಳ್ಳೆಯವರಾಗುತ್ತಾರೆ ಎಂಬ ನಮ್ಮ ಉಪಾಧ್ಯಾಯರ ನಂಬಿಕೆಗೆ ಇದೊಂದು ಪೆಟ್ಟು ಅಷ್ಟೇ.

ಇನ್ನು ಮೂರನೆಯ ಪತ್ರಿಕೆ. ಶೂಯೆಯಿಶಾ ಸಂಸ್ಥೆ 1968ರಲ್ಲಿ 'ಶೋನೆನ್ ಜಂಪ್' ಶುರುಮಾಡಿತು. ಮರುವರ್ಷ ಅದು ವಾರಪತ್ರಿಕೆಯಾಯಿತು. ಇದರ ಪ್ರಸಾರ 1995ರ ಹೊಸವರ್ಷದ ಹೊತ್ತಿನ ಸಂಚಿಕೆಯಲ್ಲಿ 65 ಲಕ್ಷ 30 ಸಾವಿರ ಪ್ರತಿ ಮುಟ್ಟಿತ್ತು. ಇಷ್ಟು ಬೆಳೆದ ಗುಟ್ಟಿನಲ್ಲಿ ಒಂದು ಪಾಲು ಒಂದು ಅಂಚೆ ಕಾರ್ಡಿನದು. ಪತ್ರಿಕೆಯ ಜೊತೆಗೇ ಕಾರ್ಡು ಇರುತ್ತಿತ್ತು. ಈ ವಾರ ಹಿಡಿಸಿದ ಮೂರು ಕಥೆಗಳನ್ನು ಗುರುತಿಸಿ ಮಕ್ಕಳು ಕಳಿಸುತ್ತಿದ್ದರು. ಆ ಎಣಿಕೆಯಲ್ಲಿ ಕೆಳಗೆ ಬಿದ್ದ ಕಥೆಗೆ ಉಳಿಗಾಲವಿಲ್ಲ. ಹತ್ತು ಹದಿನೈದು ವಾರಕ್ಕೇ ಮುಚ್ಚಿಹೋದ ಕಥೆಗಳು ಲೆಕ್ಕವಿಲ್ಲದಷ್ಟು.

ಇದರ ಪರಿಣಾಮ ಯೋಚಿಸಿ. ಕಥೆಗಾರ ಹತ್ತು ವರ್ಷದ ನಂತರ ಕೊಡುವ ಒಂದು ದೊಡ್ಡ ಫಲಕ್ಕಾಗಿ ಇಂದು ಬೀಜ ನೆಡಬೇಕು. ಆದರೆ ಈ ವಾರದ ಇಪ್ಪತ್ತು ಪುಟದಲ್ಲೂ ಏನಾದರೂ ಕೊಡದಿದ್ದರೆ ಹತ್ತು ವರ್ಷ ಎಲ್ಲಿಂದ ಬಂತು? ಆದ್ದರಿಂದಲೇ ಪ್ರತಿ ಕಂತಿನ ಕೊನೆಯ ಚೌಕದಲ್ಲಿ ಒಂದು ಬಾಗಿಲು ತೆರೆಯುತ್ತದೆ, ಒಬ್ಬ ಆಗಂತುಕ ನಿಲ್ಲುತ್ತಾನೆ, ಯಾರೋ ಬೆಚ್ಚುತ್ತಾರೆ. ಇದು ಬರಿಯ ಗಿಮಿಕ್ಕು ಎಂದು ನಾವೂ ಒಂದು ಕಾಲದಲ್ಲಿ ಮೂಗು ಮುರಿದದ್ದುಂಟು. ಆಮೇಲೆ ಅನ್ನಿಸಿತು, ಬಾಗಿಲು ತೆರೆಯುವುದು ತಪ್ಪಲ್ಲ, ಮುಂದಿನ ವಾರ ಒಳಗೆ ಏನೂ ಇಲ್ಲದಿದ್ದರೆ ತಪ್ಪು.

ಏನೂ ಇಲ್ಲದ ಬಾಗಿಲಿಗೂ ಉದಾಹರಣೆ ಬೇಕಲ್ಲ. ತೋರಿಯಾಮಾ ಅಕಿರಾ ಅವರ 'ಡ್ರ್ಯಾಗನ್ ಬಾಲ್' 1984ರಿಂದ 1995ರ ವರೆಗೆ 519 ಅಧ್ಯಾಯ ಬಂದ ಕಥೆ. ಅದರಲ್ಲಿ ಫ್ರೀಜಾ ಎಂಬ ದುಷ್ಟ ಒಂದು ಗ್ರಹದ ಗರ್ಭಕ್ಕೆ ಪೆಟ್ಟು ಕೊಟ್ಟು, ಇನ್ನು ಐದು ನಿಮಿಷದಲ್ಲಿ ಇದು ಸಿಡಿಯುತ್ತದೆ ಎನ್ನುತ್ತಾನೆ. ಪತ್ರಿಕೆಯಲ್ಲೇ ಆ ಐದು ನಿಮಿಷ ಕೆಲವು ವಾರ ಹಿಡಿಯಿತು. ಅದನ್ನು ಟಿವಿಗೆ ತಂದವರಿಗೆ ಇನ್ನೊಂದು ತೊಡಕು: ಟಿವಿ ಕಥೆ ಪತ್ರಿಕೆಯ ಕಥೆಯ ಬೆನ್ನಿಗೆ ಬಂದು ತಾಗುತ್ತಿತ್ತು. ದಾಟಿ ಮುಂದೆ ಹೋಗುವಂತಿಲ್ಲ. ಹಾಗಾಗಿ ದಿಟ್ಟಿಸುವುದು, ಗುಡುಗುವುದು, ಬಂಡೆ ಉರುಳುವುದು... ಐದು ನಿಮಿಷ ಸುಮಾರು ಹತ್ತು ಕಂತುಗಳಾದವು! 2009ರಲ್ಲಿ ಅದೇ ಟಿವಿ ಕಥೆಯನ್ನು ತುಂಬು ಸರಕು ತೆಗೆದು 'ಕಾಯಿ' ಎಂಬ ಹೆಸರಿನಲ್ಲಿ ಮತ್ತೆ ಹೊಲಿದರು. ಮೊದಲು 194 ಕಂತು ಹಿಡಿದಿದ್ದ ಭಾಗ ಈಗ ನೂರಕ್ಕಿಂತ ಕಡಿಮೆ ಕಂತಿಗೆ ಇಳಿಯಿತು. ಕಥೆಯಲ್ಲಿ ಏನೂ ಕಳೆದುಹೋಗಲಿಲ್ಲ.

ನಿಧಾನವನ್ನು ಅಳೆಯಲು ನಮಗೆ ಸಿಕ್ಕ ಮೊದಲ ಒಳ್ಳೆಯ ತಕ್ಕಡಿ ಇದೇ. ಅರ್ಧ ತೆಗೆದರೂ ಕಥೆ ಹಾಗೇ ಉಳಿದರೆ ತೆಗೆದದ್ದು ನೀರು. ರಿಕಿಇಶಿಯ ಹಸಿವಿನ ವಾರಗಳನ್ನು ತೆಗೆದು ನೋಡಿ. ಅವನ ಸಾವು ಒಂದು ಅಪಘಾತವಾಗಿಬಿಡುತ್ತದೆ.

ಈಗ ನಿಧಾನದಲ್ಲೇ ಬೆಳೆದ ಇನ್ನೊಂದು ಕಥೆಗೆ ಬರೋಣ. ಇನೊಉಎ ತಾಕೆಹಿಕೊ ಅವರ 'ಸ್ಲ್ಯಾಮ್ ಡಂಕ್', ಇದೂ 'ಜಂಪ್'ನದ್ದೇ, 1990ರಿಂದ 1996, 276 ಅಧ್ಯಾಯ, 31 ಸಂಪುಟ. ಸಕುರಾಗಿ ಹನಾಮಿಚಿ ಎಂಬ ಕೆಂಪು ತಲೆಯ ಉಡಾಳ ಒಬ್ಬ ಹುಡುಗಿಯ ಮನಸ್ಸು ಗೆಲ್ಲಲೆಂದು ಹೈಸ್ಕೂಲಿನ ಬಾಸ್ಕೆಟ್‌ಬಾಲ್ ತಂಡ ಸೇರುತ್ತಾನೆ. ಚೆಂಡು ಹಿಡಿಯಲೂ ಬಾರದು. ಕಥೆಯೊಳಗೆ ಕಳೆಯುವ ಕಾಲ ಸುಮಾರು ನಾಲ್ಕು ತಿಂಗಳು. ಅದಕ್ಕೆ ಓದುಗ ಕೊಟ್ಟದ್ದು ಆರು ವರ್ಷ. ಏಳನೆಯ ತರಗತಿಯಲ್ಲಿ ಓದಲು ಶುರುಮಾಡಿದ ಹುಡುಗನಿಗೆ ಮುಗಿಯುವ ಹೊತ್ತಿಗೆ ಮೀಸೆ ಬಂದಿರುತ್ತದೆ, ಸಕುರಾಗಿ ಮಾತ್ರ ಅದೇ ಮೊದಲ ವರ್ಷದ ವಿದ್ಯಾರ್ಥಿ.

ಕೊನೆಯ ಪಂದ್ಯ, ರಾಷ್ಟ್ರಮಟ್ಟದ ಚಾಂಪಿಯನ್ ಸಾನ್ನೋ ಶಾಲೆಯ ಎದುರು. ಪಂದ್ಯದ ಕಾಲ 40 ನಿಮಿಷ. ಕಥೆಯಲ್ಲಿ ಹಿಡಿದದ್ದು ಏಳು ಸಂಪುಟಗಳಷ್ಟು, ಸುಮಾರು ಒಂದು ವರ್ಷ. ಮೇಲಿನ ಐದು ನಿಮಿಷದ ಕಥೆಗೆ ನಕ್ಕವರು ಇದಕ್ಕೆ ಇನ್ನೂ ಜೋರಾಗಿ ನಗಬೇಕಲ್ಲವೆ? ನಗು ಬರುವುದಿಲ್ಲ. ಏಕೆಂದರೆ ಒಂದೊಂದು ಚೆಂಡಿನ ಹಿಂದೆಯೂ ಐದು ವರ್ಷದ ಯಾವುದೋ ಬಾಕಿ ಇದೆ. ಸೋತು ಆಟ ಬಿಟ್ಟು ಪುಂಡನಾಗಿ ಮತ್ತೆ ಬಂದ ಮಿತ್ಸುಇಗೆ ಉಸಿರೇ ಇಲ್ಲ, ಆದರೂ ಅವನ ಕೈ ದೂರದ ಗುರಿ ತಪ್ಪುವುದಿಲ್ಲ. ಮೂರನೆಯ ವರ್ಷದ ನಾಯಕ ಅಕಾಗಿಗೆ ಇದೇ ಕೊನೆಯ ಅವಕಾಶ. ಇನ್ನು ಸಕುರಾಗಿ: ಬೆನ್ನಿಗೆ ಪೆಟ್ಟಾಗಿದೆ.

ಕೊನೆಯ ಕೆಲವು ಸೆಕೆಂಡುಗಳಲ್ಲಿ ಇನೊಉಎ ಮಾತನ್ನೇ ತೆಗೆದುಬಿಡುತ್ತಾರೆ. ಪುಟದ ಮೇಲೆ ಪುಟ, ಸಂಭಾಷಣೆಯಿಲ್ಲ, ಜನರ ಕೂಗು ಇಲ್ಲ. ಕೈ, ಕಾಲು, ಬೆವರು, ಗಡಿಯಾರ. ಅಲ್ಲಿವರೆಗೆ ಸಕುರಾಗಿಗೆ ಒಮ್ಮೆಯೂ ಮನಸಾರೆ ಚೆಂಡು ಕೊಡದ ರುಕಾವಾ ಕಾಎದೆ, ಬೇರೆ ದಾರಿಯಿಲ್ಲದೆ ಚೆಂಡನ್ನು ಅವನಿಗೇ ಎಸೆಯುತ್ತಾನೆ. ಪುಸ್ತಕದ ಹೆಸರೇ 'ಸ್ಲ್ಯಾಮ್ ಡಂಕ್', ಅಂದರೆ ಹಾರಿ ಬುಟ್ಟಿಗೆ ಚೆಂಡು ಬಡಿಯುವ ಆರ್ಭಟದ ಹೊಡೆತ. ಸಕುರಾಗಿಯ ಕನಸೂ ಅದೇ. ಆದರೆ ಅವನು ಮಾಡುವುದು ಅದನ್ನಲ್ಲ. ಕೋಚ್ ಅನ್ಜಾಯಿ ಮುಂದೆ ಒಂದೇ ವಾರದಲ್ಲಿ 20,000 ಸಲ ಎಸೆದು ಕಲಿತ ಸಾಧಾರಣ ಎಸೆತ, ಎಡಗೈ ಬರೀ ಆಸರೆಗೆ. 79ಕ್ಕೆ 78, ಗೆಲುವು. ಮೊದಲ ದಿನದಿಂದ ಜಗಳವಾಡುತ್ತಿದ್ದ ಇಬ್ಬರೂ ಒಬ್ಬರ ಅಂಗೈಗೆ ಒಬ್ಬರು ಫಟ್ಟನೆ ಬಡಿಯುತ್ತಾರೆ. ಮರುಕ್ಷಣವೇ ಮುಖ ತಿರುಗಿಸಿಕೊಳ್ಳುತ್ತಾರೆ.

ಆ 20,000 ಎಸೆತದ ವಾರವನ್ನು ಓದುವಾಗ ನಮಗೂ ಬೇಸರ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇವೆ. ಅಭ್ಯಾಸದಲ್ಲಿ ಏನು ಕಥೆ ಇರುತ್ತದೆ? ಮಗ್ಗಿ ಬರೆಸುವ ಉಪಾಧ್ಯಾಯರೇ ಹೀಗೆ ಕೇಳಬಾರದಿತ್ತು. ಇನ್ನೊಂದು ಕುಶಲತೆ: ಈ ಮಹಾ ಗೆಲುವಿನ ನಂತರ ತಂಡ ಮುಂದಿನ ಸುತ್ತಿನಲ್ಲೇ ಹೀನಾಯವಾಗಿ ಸೋತಿತು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಎಲ್ಲಿ ಒಂದು ವರ್ಷ ನಿಲ್ಲಬೇಕು, ಎಲ್ಲಿ ಒಂದು ವಾಕ್ಯದಲ್ಲಿ ದಾಟಬೇಕು ಎಂದು ಗೊತ್ತಿರುವುದೇ ನಡಿಗೆಯ ಜಾಣ್ಮೆ.

ಇನ್ನು ನಮ್ಮ ಹುಡುಗರ 'ವನ್ ಪೀಸ್'. ಓದಾ ಎಯಿಚಿರೊ ಇದನ್ನು 1997ರ ಜುಲೈಯಲ್ಲಿ 'ಜಂಪ್'ನಲ್ಲಿ ಶುರುಮಾಡಿದಾಗ ಐದು ವರ್ಷದಲ್ಲಿ ಮುಗಿಸುವ ಅಂದಾಜಿತ್ತಂತೆ. 2021ರ ಸೆಪ್ಟೆಂಬರಿನಲ್ಲಿ ಇದರ ನೂರನೆಯ ಸಂಪುಟ ಬಂತು! 2022ರಲ್ಲಿ ಕೊನೆಯ ಘಟ್ಟ ಆರಂಭವಾಯಿತೆಂದು ಸಾರಲಾಯಿತು. ಲೂಫಿ ಎಂಬ ಹುಡುಗ ಗೆಳೆಯರ ಗುಂಪು ಕಟ್ಟಿಕೊಂಡು ಕಡಲ್ಗಳ್ಳರ ರಾಜನಾಗಲು ಹೊರಟ ಕಥೆ.

1999ರಲ್ಲಿ ಬಂದ ಅಧ್ಯಾಯಗಳಲ್ಲಿ ಈ ಗುಂಪಿಗೆ ಒಂದು ಬೆಟ್ಟದಂಥ ತಿಮಿಂಗಿಲ ಎದುರಾಗುತ್ತದೆ. ಹೆಸರು ಲಾಬೂನ್. ಅದು ಸದಾ ಒಂದು ಬಂಡೆಗೋಡೆಗೆ ತಲೆ ಚಚ್ಚಿಕೊಳ್ಳುತ್ತಿರುತ್ತದೆ. ಮರಿಯಾಗಿದ್ದಾಗ ಅದನ್ನು ಸಾಕಿದ್ದ ಕಡಲ್ಗಳ್ಳರ ತಂಡವೊಂದು 'ಎರಡು ಮೂರು ವರ್ಷದಲ್ಲಿ ಬರುತ್ತೇವೆ' ಎಂದು ಹೇಳಿ ದೀಪಸ್ತಂಭದ ಕಾವಲುಗಾರನ ಬಳಿ ಬಿಟ್ಟುಹೋಗಿತ್ತು. ಐವತ್ತು ವರ್ಷವಾಗಿದೆ. ಅವರು ಬರಲಿಲ್ಲ. ಲೂಫಿ ತಿಮಿಂಗಿಲದೊಡನೆ ಜಗಳ ತೆಗೆದು, ಮತ್ತೆ ಬಂದು ಈ ಜಗಳ ಮುಗಿಸುತ್ತೇನೆ ಎಂದು ಅದರ ತಲೆಯ ಮೇಲೆ ತನ್ನ ಬಾವುಟದ ಚಿತ್ರ ಬಳಿದು ಹೋಗುತ್ತಾನೆ. ಇದು ಕೆಲವೇ ಅಧ್ಯಾಯಗಳ ಸಣ್ಣ ಪ್ರಸಂಗ. ಕಥೆ ಮುಂದಕ್ಕೆ ಹೋಯಿತು, ಓದುಗರೂ ಹೋದರು.

ಎಂಟು ವರ್ಷ ಕಳೆದ ಮೇಲೆ ಮಂಜಿನಲ್ಲಿ ತೇಲುವ ಒಂದು ಹಾಳು ಹಡಗಿನಲ್ಲಿ ಬ್ರೂಕ್ ಎಂಬ ಅಸ್ಥಿಪಂಜರ ಸಿಗುತ್ತದೆ. ತಲೆಯ ಮೇಲೆ ಮಾತ್ರ ದೊಡ್ಡ ಗುಂಗುರು ಕೂದಲು. ಹಾಸ್ಯಗಾರ, ಸಂಗೀತಗಾರ. ನಕ್ಕು ನಕ್ಕು ಸಾಕಾಗುವ ಪಾತ್ರ. ಆಮೇಲೆ ತಿಳಿಯುತ್ತದೆ: ಆ ತಂಡದಲ್ಲಿ ಉಳಿದಿರುವವನು ಇವನೊಬ್ಬನೇ. ಅವರು ಮಾತು ತಪ್ಪಿರಲಿಲ್ಲ, ಸತ್ತಿದ್ದರು. 2008ರ ಆರಂಭದಲ್ಲಿ ಬಂದ ಅಧ್ಯಾಯಗಳಲ್ಲಿ ಆ ಸಾವನ್ನು ಬರೆದಿದ್ದಾರೆ. ವಿಷ ತಗಲಿದ ನಾವಿಕರು, ಮುಂದೆ ಯಾರಾದರೂ ಲಾಬೂನ್‌ಗೆ ಕೇಳಿಸಲಿ ಎಂದು, ಧ್ವನಿ ಹಿಡಿದಿಡುವ ಒಂದು ಚಿಪ್ಪನ್ನು ಮುಂದಿಟ್ಟು ಎಲ್ಲರೂ ಸೇರಿ ಹಾಡು ನುಡಿಸುತ್ತಾರೆ. ನುಡಿಸುತ್ತಿದ್ದಂತೆ ಒಬ್ಬೊಬ್ಬರೇ ಬೀಳುತ್ತಾರೆ. ನಾಲ್ಕು ವಾದ್ಯ, ಮೂರು, ಎರಡು. ಕೊನೆಗೆ ಬ್ರೂಕ್ ಒಬ್ಬನೇ. ಆ ಕೂದಲನ್ನು ಅವನು ಐವತ್ತು ವರ್ಷ ಜೋಪಾನ ಮಾಡಿದ್ದೂ ಅದಕ್ಕೇ: ಎಲುಬಾಗಿ ಹೋದ ತನ್ನನ್ನು ಲಾಬೂನ್ ಕೂದಲಿನಿಂದಾದರೂ ಗುರುತಿಸಲಿ ಎಂದು.

ಹದಿನೈದು ದಿನದಲ್ಲಿ ಓದಿದ ಹುಡುಗನಿಗೆ ತಿಮಿಂಗಿಲ ಬಂದುಹೋಗಿ ಒಂದು ವಾರವೋ ಹತ್ತು ದಿನವೋ ಆಗಿತ್ತು ಅಷ್ಟೇ. ಅವನು 'ಓ, ಆ ತಿಮಿಂಗಿಲ' ಎಂದುಕೊಂಡು ಮುಂದೆ ಹೋದ. ನಿಘಂಟು ಹಿಡಿದ ಹುಡುಗ ಅದನ್ನು ಮಳೆಗಾಲದಲ್ಲಿ ಓದಿ, ಮರೆತು, ಮಾರ್ಚಿಯ ಪರೀಕ್ಷೆ ಹೊತ್ತಿಗೆ ಮತ್ತೆ ಕಂಡ. ಮರೆತದ್ದು ಅವನಿಗೆ ಉಪಕಾರವೇ ಆಯಿತು. ಜಪಾನಿನ ಮೊದಲ ಓದುಗರು ಕಾದದ್ದಂತೂ ಎಂಟು ವರ್ಷ. ಐವತ್ತು ವರ್ಷ ಕಾದ ಪ್ರಾಣಿಯ ಕಥೆಯಲ್ಲಿ ಓದುಗನ ಕಾಯುವಿಕೆಯೂ ಕಥೆಯ ಒಂದು ಭಾಗವಾಗುತ್ತದೆ. ಅದನ್ನು ಪುಸ್ತಕದಲ್ಲಿ ಅಚ್ಚು ಹಾಕಲು ಬರುವುದಿಲ್ಲ. ರಾತ್ರಿಯಿಡೀ ಕುಳಿತು ಆಟ ನೋಡಿದವನಿಗೆ ಬೆಳಗಿನ ಜಾವದ ಭಾಗವತಿಕೆ ಕೇಳಿಸುವ ಬಗೆ ಬೇರೆ, ಆಗಷ್ಟೇ ಎದ್ದು ಬಂದವನಿಗೆ ಕೇಳಿಸುವ ಬಗೆ ಬೇರೆ. ರಾಗ ಮಾತ್ರ ಒಂದೇ.

ಆದರೆ ಕಾಯಿಸಿದ್ದೆಲ್ಲ ಚಿನ್ನ ಎಂದು ನಾವು ಹೇಳುತ್ತಿಲ್ಲ, ಮೊದಲ ಹುಡುಗನ ಮಾತಿನಲ್ಲೂ ನ್ಯಾಯವಿದೆ. ಇದೇ 'ವನ್ ಪೀಸ್'ನಲ್ಲಿ ದ್ರೆಸ್ರೋಸಾ ಎಂಬ ದೇಶದ ಪ್ರಕರಣ 2013ರಿಂದ 2015ರ ತನಕ ನೂರಕ್ಕೂ ಹೆಚ್ಚು ಅಧ್ಯಾಯ ನಡೆಯಿತು. ಕಥೆಯೊಳಗೆ ಅದರ ಮುಖ್ಯ ಘಟನೆಗಳಿಗೆ ಹಿಡಿದದ್ದು ಹೆಚ್ಚುಕಡಿಮೆ ಒಂದು ದಿನ. ಹೊಸ ಹೊಸ ಪಾತ್ರಗಳು ಜಾತ್ರೆಗೆ ಬಂದಂತೆ ಬರುತ್ತವೆ. ಒಬ್ಬೊಬ್ಬರಿಗೂ ಒಂದೊಂದು ಜಗಳ, ಒಂದೊಂದು ಹಳೆಯ ಕಥೆ. ವಾರವಾರ ಓದಿದವರು ಗೊಣಗಿದ್ದು ಸುಳ್ಳಲ್ಲ, ಒಟ್ಟಿಗೆ ಓದಿದವರಿಗೆ ಅದು ಅಷ್ಟು ಭಾರವೆನಿಸಲಿಲ್ಲ. ಲಾಬೂನ್ ಕಥೆಗೆ ತದ್ವಿರುದ್ಧ. ಅಲ್ಲಿ ಕಾಯುವಿಕೆ ಕಥೆಗೆ ಬೇಕಾಗಿತ್ತು, ಇಲ್ಲಿ ಓದುಗ ಕಾದದ್ದರಿಂದ ಕಥೆಗೆ ಏನೂ ಸೇರಲಿಲ್ಲ. ಒಂದೇ ಕೈ, ಒಂದೇ ಕೃತಿ, ಎರಡು ಬಗೆಯ ನಿಧಾನ. ಆದ್ದರಿಂದ 'ವನ್ ಪೀಸ್ ನಿಧಾನವೇ' ಎಂಬ ಪ್ರಶ್ನೆಗೆ ಹೌದು ಅಲ್ಲ ಎಂದು ಉತ್ತರ ಕೊಡಲು ನಾವು ತಯಾರಿಲ್ಲ. ಯಾವ ಪ್ರಕರಣ ಎಂದು ಮೊದಲು ಕೇಳುತ್ತೇವೆ.

2024 ಮುಗಿಯುವ ತನಕ ಲೂಫಿಯೂ ಬ್ರೂಕೂ ಲಾಬೂನ್ ಬಳಿಗೆ ಮರಳಿರಲಿಲ್ಲ. ಆ ಬಾಕಿ ಹಾಗೇ ಇದೆ. ಬಾಕಿ ಇಟ್ಟುಕೊಂಡ ಕಥೆಗಾರ ಅದನ್ನು ತೀರಿಸಲು ಬದುಕಿರಬೇಕು ಎಂಬುದೊಂದು ಕಟು ಸತ್ಯ. 1989ರಿಂದ 'ಬೆರ್ಸೆರ್ಕ್' ಎಂಬ ಕಥೆ ಬರೆಯುತ್ತಿದ್ದ ಮಿಉರಾ ಕೆಂತಾರೊ (ಅದು ಮಕ್ಕಳಿಗೆ ಕೊಡುವ ಪುಸ್ತಕವಲ್ಲ, ಹೇಳಿಬಿಡುತ್ತೇವೆ) 2021ರ ಮೇ ತಿಂಗಳಲ್ಲಿ, 54ನೆಯ ವಯಸ್ಸಿನಲ್ಲಿ, ಕಥೆ ಮುಗಿಸದೆ ತೀರಿಕೊಂಡರು. ಕೊನೆ ಹೇಗೆ ಎಂದು ಅವರು ಹೇಳಿದ್ದು ಹಳೆಯ ಗೆಳೆಯ ಮೊರಿ ಕೋಜಿ ಒಬ್ಬರಿಗೆ. ಆ ನೆನಪಿನ ಆಧಾರದ ಮೇಲೆ ಮೊರಿಯವರ ಮೇಲ್ವಿಚಾರಣೆಯಲ್ಲಿ ಮಿಉರಾ ಅವರ ಸಹಾಯಕರು 2022ರಿಂದ ಅದನ್ನು ಮುಂದುವರಿಸಿದರು. ಗೆಳೆಯನಿಗೆ ಕೇಳಿ ಗೊತ್ತಿದ್ದರಿಂದ ಓದುಗರಿಗೆ ಬಾಕಿ ಸಂದಾಯವಾಗುತ್ತಿದೆ. ವಾರವಾರದ ಈ ದುಡಿಮೆ ಕಲಾವಿದರ ದೇಹದಿಂದ ಏನು ವಸೂಲು ಮಾಡುತ್ತದೆ ಎಂಬುದನ್ನು 'ಮುಂದಿನ ಅಧ್ಯಾಯ ಯಾವಾಗ' ಎಂದು ಚಡಪಡಿಸುವ ನಮ್ಮಂಥವರು ಸ್ವಲ್ಪ ನೆನಪಿಡಬೇಕು. ಜೋನ ಕಾಲದಿಂದಲೂ ಇದು ಹೀಗೇ.

'ಸ್ಲ್ಯಾಮ್ ಡಂಕ್' 1996ರಲ್ಲಿ ನಿಂತಾಗ ಸಕುರಾಗಿ ಕಡಲ ತೀರದಲ್ಲಿ ಕುಳಿತು ಬೆನ್ನಿನ ಚಿಕಿತ್ಸೆ ಪಡೆಯುತ್ತಿದ್ದ. ಮತ್ತೆ ಆಡಿದನೋ ಇಲ್ಲವೋ ಕಥೆ ಹೇಳಲಿಲ್ಲ. ಎಂಟು ವರ್ಷ ಕಳೆಯಿತು. ಪುಸ್ತಕ ಹತ್ತು ಕೋಟಿ ಪ್ರತಿ ದಾಟಿದಾಗ ಇನೊಉಎ ಓದುಗರಿಗೆ ಕೃತಜ್ಞತೆ ಹೇಳಲು ಒಂದು ಕೆಲಸ ಮಾಡಿದರು. ಕನಗಾವಾ ಪ್ರಾಂತದ ಮಿಸಾಕಿ ಎಂಬಲ್ಲಿ ಮುಚ್ಚಿಹೋಗಿದ್ದ ಒಂದು ಹೈಸ್ಕೂಲಿಗೆ ಹೋದರು. ಮುಚ್ಚಿದ ಶಾಲೆ ಎಂದರೆ ಹೇಗಿರುತ್ತದೆ ಎಂದು ಗಡಿಯ ಈಚೆಗಿನ ನಾವು ಯಾರಿಗೂ ವಿವರಿಸಬೇಕಾಗಿಲ್ಲ. ಬೆಂಚು ಇರುತ್ತವೆ, ಹಲಗೆ ಇರುತ್ತದೆ, ಹಾಜರಿ ಕರೆಯಲು ಯಾರೂ ಇರುವುದಿಲ್ಲ. ಅಲ್ಲಿನ 23 ಕಪ್ಪುಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ ಆ ಪಂದ್ಯ ಮುಗಿದ ಹತ್ತು ದಿನಗಳ ನಂತರದ ಕಥೆ ಬರೆದರು. 2004ರ ಡಿಸೆಂಬರ್ 3ರಿಂದ 5, ಮೂರೇ ದಿನ. ಓದಬೇಕಾದವರು ಅಲ್ಲಿಗೇ ಹೋಗಿ, ತರಗತಿಯಿಂದ ತರಗತಿಗೆ ನಡೆದು, ಹಲಗೆಯ ಮುಂದೆ ನಿಂತು ಓದಬೇಕಿತ್ತು. ಸಕುರಾಗಿ ಇನ್ನೂ ತೀರದಲ್ಲೇ ಇದ್ದ, ಇನ್ನೂ ಆಟದ ಮಾತೇ ಆಡುತ್ತಿದ್ದ.